ಹನ್ನೆರಡು ವಾರಗಳ ಗುಳಿಗೆ: ಸುಪ್ತ ಕ್ಷಯ ಸೋಂಕಿಗೆ ಅಲ್ಪಾವಧಿ ತಡೆ ಚಿಕಿತ್ಸೆ

ಕ್ಷಯದ ರೋಗಾಣು ಮೈ ಹೊಕ್ಕ ಮಾತ್ರಕ್ಕೆ ಯಾರೂ ಕ್ಷಯರೋಗಿ ಆಗುವುದಿಲ್ಲ. ಹೆಚ್ಚಿನವರಲ್ಲಿ ದೇಹದ ರಕ್ಷಣಾ ಕಣಗಳು ರೋಗಾಣುವನ್ನು ಸುತ್ತುವರಿದು ಕಟ್ಟಿಹಾಕುತ್ತವೆ. ಅದು ಸಾಯುವುದಿಲ್ಲ, ಹರಡುವುದೂ ಇಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಈ ಸ್ಥಿತಿಯನ್ನು ಸುಪ್ತ ಕ್ಷಯ ಸೋಂಕು ಎನ್ನುತ್ತಾರೆ. ಇಂಥವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಇಳಿದಿರುವುದಿಲ್ಲ. ಅವರಿಂದ ಇನ್ನೊಬ್ಬರಿಗೆ ರೋಗ ಅಂಟುವುದೂ ಇಲ್ಲ. ಆದರೆ ಸೋಂಕು ತಗಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದ ಯಾವುದೋ ಘಟ್ಟದಲ್ಲಿ ರೋಗ ಕೆರಳುತ್ತದೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೋಂಕು ತಗಲಿದ ಮೊದಲ ಎರಡು ವರ್ಷಗಳಲ್ಲೇ ಹಾಗಾಗುತ್ತದೆ. ರೋಗ ಕೆರಳುವ ಮೊದಲೇ ಔಷಧ ಕೊಟ್ಟು ರೋಗಾಣುವನ್ನು ಇದ್ದಲ್ಲೇ ಕೊಲ್ಲುವುದು ತಡೆ ಚಿಕಿತ್ಸೆಯ ಗುರಿ.

ಜಗತ್ತಿನ ಜನಸಂಖ್ಯೆಯ ಕಾಲುಭಾಗದಷ್ಟು ಜನರಲ್ಲಿ ಈ ಸೋಂಕು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2019ರಿಂದ 2021ರವರೆಗೆ ಭಾರತದಲ್ಲಿ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆ, ಹದಿನೈದು ವರ್ಷ ಮೇಲ್ಪಟ್ಟವರಲ್ಲಿ ಶೇ 31ರಷ್ಟು ಜನರಲ್ಲಿ ಸೋಂಕು ಕಂಡಿತು. ಇಷ್ಟೊಂದು ಜನರಿಗೆಲ್ಲ ಔಷಧ ಕೊಡುವ ಯೋಚನೆ ಯಾರಿಗೂ ಇಲ್ಲ, ಅದರ ಅಗತ್ಯವೂ ಇಲ್ಲ. ಯಾರಲ್ಲಿ ರೋಗ ಕೆರಳುವ ಸಂಭವ ಹೆಚ್ಚೋ ಅವರನ್ನು ಹುಡುಕಿ ಕೊಡಬೇಕು: ಕಫದಲ್ಲಿ ರೋಗಾಣು ಇರುವವರ ಜೊತೆ ಒಂದೇ ಸೂರಿನಡಿ ಇರುವ ಮನೆಮಂದಿ, ಅವರಲ್ಲೂ ಐದು ವರ್ಷದೊಳಗಿನ ಮಕ್ಕಳು, ಎಚ್‌ಐವಿ ಇರುವವರು, ಡಯಾಲಿಸಿಸ್‌ನಲ್ಲಿ ಇರುವವರು, ಅಂಗಾಂಗ ಕಸಿಗೆ ಸಿದ್ಧವಾಗುತ್ತಿರುವವರು, ಕಲ್ಲಿನ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಇರುವವರು.

ದೀರ್ಘಕಾಲ ಈ ಚಿಕಿತ್ಸೆ ಎಂದರೆ ಐಸೋನಯಾಜಿಡ್ ಎಂಬ ಒಂದೇ ಔಷಧವನ್ನು ಆರರಿಂದ ಒಂಬತ್ತು ತಿಂಗಳು ದಿನವೂ ನುಂಗುವುದು ಎಂದೇ ಆಗಿತ್ತು. ಈಗ ಅದಕ್ಕೆ ಪರ್ಯಾಯವಾಗಿ ಅಲ್ಪಾವಧಿ ಕ್ರಮಗಳು ಬಂದಿವೆ. ಭಾರತದ ರಾಷ್ಟ್ರೀಯ ಕಾರ್ಯಕ್ರಮ ಅಳವಡಿಸಿಕೊಂಡದ್ದು ಇವುಗಳಲ್ಲಿ ಒಂದನ್ನು: ಐಸೋನಯಾಜಿಡ್ ಮತ್ತು ರಿಫಾಪೆಂಟಿನ್ ಎರಡನ್ನೂ ಸೇರಿಸಿ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಕೊಡುವ ಕ್ರಮ. ವೈದ್ಯರ ಚೀಟಿಯಲ್ಲಿ ಇದು 3ಎಚ್‌ಪಿ. ಹಳೆಯ ಆರು ತಿಂಗಳ ಕ್ರಮ 6ಎಚ್. ಆರು ತಿಂಗಳ ಕ್ರಮದಲ್ಲಿ ಸುಮಾರು 180 ಸಲ ನೆನಪಿಟ್ಟು ನುಂಗಬೇಕು, ಹೊಸತರಲ್ಲಿ 12 ಸಲ.

ಈ ಅಂತರದ ಬೆಲೆ ವಿಜಯಪುರ ಜಿಲ್ಲೆಯ ಒಣಭೂಮಿಯ ಊರುಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಸುತ್ತಿನ ಸೀಮೆಯಿರಲಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿ ತಾಂಡಾಗಳಿರಲಿ, ವರ್ಷದ ಲೆಕ್ಕ ನಡೆಯುವುದು ಮಳೆ ಮತ್ತು ಗುಳೆಯ ಮೇಲೆ. ದೀಪಾವಳಿ ಹಿಂದೆಮುಂದೆ ಕಬ್ಬು ಕಡಿಯುವ ತಂಡಗಳು ಬೆಳಗಾವಿ, ಬಾಗಲಕೋಟೆ, ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳ ಕಡೆ ಹೊರಡುತ್ತವೆ. ಕಟ್ಟಡ ಕೆಲಸಕ್ಕೆ ಗೋವಾ, ಪುಣೆ, ಮಂಗಳೂರು, ಬೆಂಗಳೂರು. ಕೂಸುಕುನ್ನಿಗಳನ್ನು ಕಟ್ಟಿಕೊಂಡು ಹೋದ ಕುಟುಂಬ ಯುಗಾದಿಯ ಆಚೀಚೆ ಮರಳುತ್ತದೆ. ಇಂಥ ಮನೆಯಲ್ಲಿ ಒಬ್ಬರ ಕಫದಲ್ಲಿ ರೋಗಾಣು ಸಿಕ್ಕಿತು ಎನ್ನೋಣ. ಉಳಿದವರಿಗೆ ಮಳೆಗಾಲದ ಮೊದಲಲ್ಲಿ ಆರು ತಿಂಗಳ ಗುಳಿಗೆ ಆರಂಭಿಸಿದರೆ ಅದು ಮುಗಿಯುವುದು ಡಿಸೆಂಬರ್‌ಗೆ, ಎಂದರೆ ಕಬ್ಬಿನ ಗದ್ದೆಯ ಗುಡಿಸಲಲ್ಲಿ. ಅದೇ ಹನ್ನೆರಡು ವಾರದ ಕ್ರಮವಾದರೆ ಕಾರ ಹುಣ್ಣಿಮೆಗೆ ಮೊದಲ ಗುಳಿಗೆ ನುಂಗಿದವರು ಗಣೇಶ ಚೌತಿಯ ಹೊತ್ತಿಗೆ ಹನ್ನೆರಡನೆಯದನ್ನು ಮುಗಿಸಿರುತ್ತಾರೆ. ಗುಳೆಯ ಗಾಡಿ ಹತ್ತುವ ಮೊದಲೇ ಕೆಲಸ ಆಯಿತು. ಅಲ್ಪಾವಧಿ ಚಿಕಿತ್ಸೆಯನ್ನು ರೋಗಿಯ ಅನುಕೂಲದ ಮಾತಾಗಿ ಮಾತ್ರ ನೋಡುವವರು ಇದನ್ನು ಗಮನಿಸಬೇಕು. ಊರು ಬಿಟ್ಟು ದುಡಿಯುವ ಜನರಿಗೆ ಆರು ತಿಂಗಳ ಚಿಕಿತ್ಸೆ ಕಾಗದದ ಮೇಲಷ್ಟೇ ಇರುತ್ತದೆ. ಮೂರು ತಿಂಗಳದ್ದು ನಿಜವಾಗಿ ಹೊಟ್ಟೆಗೆ ಇಳಿಯುತ್ತದೆ.

ಐಸೋನಯಾಜಿಡ್ ರಾಸಾಯನಿಕ 1912ರಲ್ಲೇ ಪ್ರಾಗ್‌ನ ಪ್ರಯೋಗಾಲಯದಲ್ಲಿ ತಯಾರಾಗಿತ್ತು. ಅದು ಕ್ಷಯದ ರೋಗಾಣುವನ್ನು ಕೊಲ್ಲುತ್ತದೆ ಎಂದು ಗೊತ್ತಾಗಲು ನಾಲ್ಕು ದಶಕ ಬೇಕಾಯಿತು. 1951-52ರಲ್ಲಿ ಅಮೆರಿಕ ಮತ್ತು ಜರ್ಮನಿಯ ಔಷಧ ಕಂಪನಿಗಳು ಸರಿಸುಮಾರು ಒಟ್ಟೊಟ್ಟಿಗೇ ಇದನ್ನು ಕಂಡುಕೊಂಡವು. ರೋಗಾಣುವಿನ ಮೇಣದಂಥ ಹೊರಪದರಕ್ಕೆ ಬೇಕಾದ ಮೈಕೋಲಿಕ್ ಆಮ್ಲ ತಯಾರಾಗದಂತೆ ಇದು ತಡೆಯುತ್ತದೆ. ಅಗ್ಗದ ಔಷಧ, ಬಾಯಲ್ಲಿ ನುಂಗಿದರೆ ಸಾಕು. ರೋಗ ಬರುವ ಮೊದಲೇ ಕೊಟ್ಟರೆ ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಿಮದ ನಾಡಿನಲ್ಲಿ. ಅಲಾಸ್ಕಾದ ಬೆಥೆಲ್ ಪ್ರದೇಶದ ಮೂಲನಿವಾಸಿಗಳಲ್ಲಿ ಆಗ ಕ್ಷಯ ವಿಪರೀತವಾಗಿತ್ತು. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯ ಜಾರ್ಜ್ ಕಾಮ್‌ಸ್ಟಾಕ್ 1957ರಿಂದ ಅಲ್ಲಿನ ಹಳ್ಳಿಗಳ ಮನೆಮನೆಗೆ ಐಸೋನಯಾಜಿಡ್ ಅಥವಾ ಅದರಂತೆಯೇ ಕಾಣುವ ಔಷಧರಹಿತ ಗುಳಿಗೆ ಹಂಚಿಸಿದರು. ಔಷಧ ಪಡೆದ ಮನೆಗಳಲ್ಲಿ ಹೊಸ ರೋಗಿಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಯಿತು. ಸುಮಾರು ಎರಡು ದಶಕದ ನಂತರ ನೋಡಿದಾಗಲೂ ಆ ರಕ್ಷಣೆ ಉಳಿದಿತ್ತು. ಕಾಮ್‌ಸ್ಟಾಕ್ ತಾವೂ ತಮ್ಮ ಕುಟುಂಬವೂ ಅದೇ ಗುಳಿಗೆ ನುಂಗಿದ್ದರು. ತಾನು ತೆಗೆದುಕೊಳ್ಳದ ಔಷಧವನ್ನು ಆರೋಗ್ಯವಂತರಿಗೆ ಹೇಗೆ ಕೊಡುವುದು ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಇರಲಾರದು.

ಎಷ್ಟು ದಿನ ಕೊಡಬೇಕು? ಯುರೋಪಿನ ಏಳು ದೇಶಗಳಲ್ಲಿ, ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಗುರುತು ಇದ್ದ ಸುಮಾರು 28,000 ಜನರ ಮೇಲೆ ನಡೆದ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಒಂದು ವರ್ಷ ಕೊಟ್ಟರೆ ರೋಗ ಶೇ 75ರಷ್ಟು ತಗ್ಗಿತು, ಆರು ತಿಂಗಳಿಗೆ ಶೇ 65. ಮೂರು ತಿಂಗಳಿಗೆ ಬರೀ ಶೇ 21. ಐಸೋನಯಾಜಿಡ್ ಒಂದನ್ನೇ ನೆಚ್ಚಿಕೊಂಡರೆ ಅವಧಿಯನ್ನು ಕಡಿತಗೊಳಿಸಲು ಸಾಧ್ಯವಿಲ್ಲ ಎಂಬುದು ಇದರಿಂದ ಖಚಿತವಾಯಿತು.

ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ ಬೇರೆಯೇ ಲೆಕ್ಕ ನಡೆದಿತ್ತು. ಬಳ್ಳಾರಿ ರಸ್ತೆಯ ಅವಲಾನ್ ಕಟ್ಟಡದಲ್ಲಿ 1959ರಲ್ಲಿ ಸ್ಥಾಪನೆಗೊಂಡು, 1960ರಲ್ಲಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಬಡ ದೇಶವೊಂದು ಈ ರೋಗವನ್ನು ಹೇಗೆ ನಿಭಾಯಿಸಬೇಕು ಎಂಬುದನ್ನು ಕರ್ನಾಟಕದ ಹಳ್ಳಿಗಳಿಂದಲೇ ಕಲಿತ ಸಂಸ್ಥೆ. ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ ಏಳು ವರ್ಷ ಅದು ಜನರನ್ನು ಮತ್ತೆಮತ್ತೆ ಪರೀಕ್ಷಿಸಿತು. ಸಂಘಟಿತ ಚಿಕಿತ್ಸೆ ಇಲ್ಲದ ಆ ಕಾಲದಲ್ಲಿ, ಕಫದಲ್ಲಿ ರೋಗಾಣು ಇದ್ದವರಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೂರನೆಯ ಒಂದರಷ್ಟು ಜನ ತಾವಾಗಿ ಗುಣವಾಗಿದ್ದರು. ಉಳಿದವರು ರೋಗ ಹರಡುತ್ತ ಬದುಕಿದ್ದರು. ಸಾಯುತ್ತಿರುವವರಿಗೇ ಔಷಧ ಸಾಲದ ದೇಶ ಆರೋಗ್ಯವಾಗಿರುವ ಸೋಂಕಿತರಿಗೆ ಗುಳಿಗೆ ಹಂಚುವುದು ಹೇಗೆ? 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ರೋಗಿಗಳ ಪತ್ತೆ ಮತ್ತು ಚಿಕಿತ್ಸೆಗೇ ತನ್ನನ್ನು ಕಟ್ಟಿಕೊಂಡಿತು. ಆಗಿನ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ. ಅದನ್ನು ಅರವತ್ತು ವರ್ಷ ಹಾಗೆಯೇ ಎಳೆದದ್ದು ಮಾತ್ರ ಸರಿಯೆನಿಸುವುದಿಲ್ಲ.

ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ ತಡೆ ಚಿಕಿತ್ಸೆಗೆ ಇಂದಿಗೂ ಪಾಠ. 1963ರಲ್ಲಿ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ಬಗ್ಗೆ ಪ್ರಕಟಿಸಿದ ವರದಿಯಿಂದ, ಕಫದಲ್ಲಿ ರೋಗಾಣು ಇದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಆಗಲೇ ಒಂದಲ್ಲ ಒಂದು ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು ಎಂಬುದು ಗೊತ್ತಾಯಿತು. ಅವರಿಗೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗಿತ್ತು. ಹಳ್ಳಿಯವರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ಪಟ್ಟಣದ ನಂಬಿಕೆಯನ್ನು ಆ ವರದಿ ಮುರಿಯಿತು. ಕೆಮ್ಮು ಇದ್ದವರು ಬಂದೇ ಬರುತ್ತಾರೆ. ಸುಪ್ತ ಸೋಂಕಿನವರಿಗೆ ಕೆಮ್ಮೇ ಇಲ್ಲ, ಅವರು ತಾವಾಗಿ ಬರುವ ಪ್ರಶ್ನೆಯೇ ಇಲ್ಲ. ಇಲ್ಲಿ ಆರೋಗ್ಯ ಕಾರ್ಯಕರ್ತೆಯೇ ಅವರ ಮನೆಗೆ ಹೋಗಬೇಕು.

ಅವಧಿ ಕಡಿಮೆ ಮಾಡುವ ಮೊದಲ ದೊಡ್ಡ ಪ್ರಯತ್ನ ದುರಂತದಲ್ಲಿ ಮುಗಿಯಿತು. ರಿಫಾಂಪಿಸಿನ್ ಮತ್ತು ಪೈರಜಿನಮೈಡ್ ಎರಡನ್ನು ಎರಡೇ ತಿಂಗಳು ಕೊಡುವ ಕ್ರಮಕ್ಕೆ 2000ದಲ್ಲಿ ಅಮೆರಿಕ ಮನ್ನಣೆ ಕೊಟ್ಟಿತು. ಕೆಲವೇ ಕಾಲದಲ್ಲಿ ತೀವ್ರ ಯಕೃತ್ತಿನ ಹಾನಿ ಮತ್ತು ಸಾವುಗಳ ವರದಿ ಬಂದವು. 2003ರಲ್ಲಿ ಅದನ್ನು ಕೈಬಿಡಲಾಯಿತು. ರೋಗವಿಲ್ಲದವರಿಗೆ ಕೊಡುವ ಔಷಧಕ್ಕೆ ಸುರಕ್ಷತೆಯ ಅಳತೆಗೋಲು ಇನ್ನೂ ಬಿಗಿಯಾಗಿರಬೇಕು ಎಂಬ ಎಚ್ಚರ ಅಲ್ಲಿಂದ ಗಟ್ಟಿಯಾಯಿತು.

ರಿಫಾಪೆಂಟಿನ್ ಈ ಕಥೆಯೊಳಗೆ ತಡವಾಗಿ ಬಂದ ಔಷಧ. ರಿಫಾಂಪಿಸಿನ್ ಕೊಟ್ಟ ಇಟಲಿಯ ಲೆಪೆಟಿಟ್ ಕಂಪನಿಯೇ 1965ರಲ್ಲಿ ಇದನ್ನೂ ರೂಪಿಸಿತ್ತು. ಆದರೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1998ರಲ್ಲಿ. ರೋಗಾಣುವಿನ ಆರ್‌ಎನ್‌ಎ ತಯಾರಿಕೆಯನ್ನು ನಿಲ್ಲಿಸುವುದರಲ್ಲಿ ಎರಡೂ ಒಂದೇ. ವ್ಯತ್ಯಾಸ ಇರುವುದು ರಕ್ತದಲ್ಲಿ ಉಳಿಯುವ ಕಾಲದಲ್ಲಿ. ರಿಫಾಂಪಿಸಿನ್ ಪ್ರಮಾಣ ಎರಡು ಮೂರು ತಾಸಿನಲ್ಲಿ ಅರ್ಧಕ್ಕಿಳಿದರೆ ರಿಫಾಪೆಂಟಿನ್ ಅರ್ಧಕ್ಕಿಳಿಯಲು ಹದಿಮೂರು ತಾಸಿನಷ್ಟು ಹಿಡಿಯುತ್ತದೆ. ನಿಧಾನವಾಗಿ ಬೆಳೆಯುವ ರೋಗಾಣುವಿಗೆ ವಾರಕ್ಕೊಮ್ಮೆ ಬಲವಾದ ಪೆಟ್ಟು ಸಾಕಾದೀತು ಎಂಬ ಊಹೆ ಹುಟ್ಟಿದ್ದು ಇದರಿಂದಲೇ.

ಊಹೆಯನ್ನು ಒರೆಗೆ ಹಚ್ಚಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಮೆರಿಕ, ಕೆನಡಾ, ಬ್ರೆಜಿಲ್ ಮತ್ತು ಸ್ಪೇನ್‌ಗಳ 7,731 ಜನರಲ್ಲಿ ಕೆಲವರಿಗೆ ಒಂಬತ್ತು ತಿಂಗಳು ದಿನವೂ ಐಸೋನಯಾಜಿಡ್, ಉಳಿದವರಿಗೆ ಹನ್ನೆರಡು ವಾರ ವಾರಕ್ಕೊಮ್ಮೆ ಎರಡೂ ಔಷಧ. ಮೂರು ವರ್ಷದ ಸಮೀಪದವರೆಗೆ ನೋಡಿದಾಗ ಮೊದಲ ಗುಂಪಿನಲ್ಲಿ 15 ಮಂದಿಗೆ, ಎರಡನೆಯದರಲ್ಲಿ 7 ಮಂದಿಗೆ ಕ್ಷಯ ಬಂದಿತ್ತು. ಇನ್ನೂ ಮುಖ್ಯವಾದದ್ದು ಎಷ್ಟು ಮಂದಿ ಚಿಕಿತ್ಸೆ ಪೂರೈಸಿದರು ಎಂಬುದು: ಹಳೆಯ ಕ್ರಮದಲ್ಲಿ ಶೇ 69, ಹೊಸದರಲ್ಲಿ ಶೇ 82. ಯಕೃತ್ತಿಗೆ ಔಷಧದಿಂದ ತೊಂದರೆಯಾದವರು ಶೇ 2.7ರಿಂದ ಶೇ 0.4ಕ್ಕೆ ಇಳಿದರು. ಆ ಅಧ್ಯಯನದಲ್ಲಿ ಹನ್ನೆರಡೂ ವಾರದ ಗುಳಿಗೆಗಳನ್ನು ಕಾರ್ಯಕರ್ತರ ಕಣ್ಣೆದುರೇ ನುಂಗಿಸಲಾಗಿತ್ತು. ಜನರ ಕೈಗೇ ಕೊಟ್ಟರೆ ಏನಾಗುತ್ತದೆ ಎಂದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನೋಡಿತು: ಕಣ್ಣೆದುರು ನುಂಗಿದವರಲ್ಲಿ ಶೇ 87 ಮಂದಿ, ತಾವೇ ನುಂಗಿದವರಲ್ಲಿ ಶೇ 74 ಮಂದಿ ಪೂರೈಸಿದ್ದರು. ನಮ್ಮ ಕಡೆ ಈ ಹದಿಮೂರರ ಅಂತರವನ್ನು ಮುಚ್ಚಬಲ್ಲವರು ಆಶಾ ಕಾರ್ಯಕರ್ತೆಯರು.

ಬೇರೆ ದಾರಿಗಳೂ ಇವೆ. ರಿಫಾಂಪಿಸಿನ್ ಒಂದನ್ನೇ ನಾಲ್ಕು ತಿಂಗಳು ಕೊಡುವ ಕ್ರಮ 2018ರ ಅಧ್ಯಯನದಲ್ಲಿ ಐಸೋನಯಾಜಿಡ್‌ಗಿಂತ ಸುರಕ್ಷಿತವೆಂದು ಸಿದ್ಧವಾಯಿತು. ಎಚ್‌ಐವಿ ಇರುವ 3,000 ಜನರಲ್ಲಿ ಒಂದೇ ತಿಂಗಳು ದಿನವೂ ಐಸೋನಯಾಜಿಡ್ ಮತ್ತು ರಿಫಾಪೆಂಟಿನ್ ಕೊಟ್ಟ ಅಧ್ಯಯನ 2019ರಲ್ಲಿ ಹೊರಬಂತು. ಅದರಲ್ಲಿ ಶೇ 97 ಮಂದಿ ಚಿಕಿತ್ಸೆ ಮುಗಿಸಿದ್ದರು. ಬಹುಔಷಧ ನಿರೋಧಕ ಕ್ಷಯ ಇರುವವರ ಮನೆಮಂದಿಗೆ ಈ ಯಾವುದೂ ಆಗಿಬರುವುದಿಲ್ಲ. ಅವರಿಗೆ ಆರು ತಿಂಗಳು ಲೆವೊಫ್ಲಾಕ್ಸಾಸಿನ್ ಕೊಡಬಹುದು ಎಂದು ದಕ್ಷಿಣ ಆಫ್ರಿಕ ಮತ್ತು ವಿಯೆಟ್ನಾಂನ ಅಧ್ಯಯನಗಳ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಶಿಫಾರಸು ಮಾಡಿದೆ.

ಇಷ್ಟೆಲ್ಲ ಸಿದ್ಧವಾದರೂ ರಿಫಾಪೆಂಟಿನ್ ಬಡ ದೇಶಗಳಿಗೆ ಎಟುಕದ ಬೆಲೆಯಲ್ಲಿತ್ತು. ಒಬ್ಬರ ಪೂರ್ಣ ಚಿಕಿತ್ಸೆಗೆ 45 ಡಾಲರ್ ಬೀಳುತ್ತಿದ್ದುದನ್ನು 15 ಡಾಲರ್‌ಗೆ ಇಳಿಸುವ ಒಪ್ಪಂದವನ್ನು 2019ರ ಅಕ್ಟೋಬರ್‌ನಲ್ಲಿ ತಯಾರಕ ಸನೋಫಿ ಕಂಪನಿಯ ಜೊತೆ ಅಂತಾರಾಷ್ಟ್ರೀಯ ಆರೋಗ್ಯ ನಿಧಿ ಸಂಸ್ಥೆಗಳಾದ ಯೂನಿಟೇಡ್ ಮತ್ತು ಗ್ಲೋಬಲ್ ಫಂಡ್ ಮಾಡಿಕೊಂಡವು. ಮುಂದೆ ಭಾರತದ್ದೇ ಮ್ಯಾಕ್ಲಿಯೋಡ್ಸ್ ಮತ್ತು ಲೂಪಿನ್ ಕಂಪನಿಗಳು ಎರಡೂ ಔಷಧ ಒಂದರಲ್ಲೇ ಇರುವ ಸಂಯುಕ್ತ ಗುಳಿಗೆ ತಯಾರಿಸಿದವು. ಬಿಡಿಬಿಡಿಯಾಗಿ ಕೊಟ್ಟಾಗ ವಯಸ್ಕರು ವಾರದ ದಿನ ಒಂಬತ್ತು ಗುಳಿಗೆ ನುಂಗಬೇಕಿತ್ತು. ಸಂಯುಕ್ತದಲ್ಲಿ ಮೂರೇ.

ಭಾರತದಲ್ಲಿ ನೀತಿ ಬದಲಾದದ್ದು 2021ರಲ್ಲಿ. ಅಲ್ಲಿಯವರೆಗೆ ಎಚ್‌ಐವಿ ಇರುವವರಿಗೆ ಮತ್ತು ರೋಗಿಯ ಮನೆಯ ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಸಿಗುತ್ತಿದ್ದ ತಡೆ ಚಿಕಿತ್ಸೆಯನ್ನು ಹೊಸ ಮಾರ್ಗಸೂಚಿ ಮನೆಯ ಎಲ್ಲ ವಯಸ್ಸಿನವರಿಗೂ ವಿಸ್ತರಿಸಿತು. ಆರು ತಿಂಗಳ ಕ್ರಮದ ಜೊತೆಗೆ ಹನ್ನೆರಡು ವಾರದ ಕ್ರಮವನ್ನೂ ಸೇರಿಸಿತು. 2023ರ ಮಾರ್ಚ್ 24ರಂದು, ವಿಶ್ವ ಕ್ಷಯ ದಿನದಂದೇ, ವಾರಾಣಸಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅಲ್ಪಾವಧಿ ತಡೆ ಚಿಕಿತ್ಸೆಯ ರಾಷ್ಟ್ರವ್ಯಾಪಿ ಜಾರಿಗೆ ಚಾಲನೆ ಕೊಟ್ಟರು. ಕ್ಷಯಮುಕ್ತ ಪಂಚಾಯಿತಿ ಅಭಿಯಾನವೂ ಆರಂಭವಾದದ್ದು ಅದೇ ವೇದಿಕೆಯಲ್ಲಿ.

ಹಳ್ಳಿಯಲ್ಲಿ ಇದು ನಡೆಯುವ ಬಗೆ ಹೀಗೆ. ಒಬ್ಬರಿಗೆ ಕ್ಷಯ ಖಚಿತವಾಗಿ, ಸರ್ಕಾರ ಕ್ಷಯರೋಗಿಗಳ ದಾಖಲೆ ಇಡುವ ನಿಕ್ಷಯ್ ಪೋರ್ಟಲ್‌ನಲ್ಲಿ ಹೆಸರು ದಾಖಲಾದ ಮೇಲೆ ಆಶಾ ಕಾರ್ಯಕರ್ತೆ, ಸಮುದಾಯ ಆರೋಗ್ಯ ಅಧಿಕಾರಿ ಅಥವಾ ಕ್ಷಯ ಕಾರ್ಯಕ್ರಮದ ಮೇಲ್ವಿಚಾರಕರು ಆ ಮನೆಗೆ ಹೋಗಿ ಎಲ್ಲರನ್ನೂ ವಿಚಾರಿಸುತ್ತಾರೆ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಈ ನಾಲ್ಕರಲ್ಲಿ ಒಂದಿದ್ದರೂ ಮೊದಲು ಕಫ ಪರೀಕ್ಷೆ, ಎಕ್ಸ್‌ರೇ. ಈ ಹೆಜ್ಜೆಯನ್ನು ಯಾವ ಕಾರಣಕ್ಕೂ ಹಾರಿಸುವಂತಿಲ್ಲ. ಒಳಗೆ ಸಕ್ರಿಯ ರೋಗ ಇರುವವರಿಗೆ ತಡೆ ಚಿಕಿತ್ಸೆಯ ಅರೆಬರೆ ಔಷಧ ಕೊಟ್ಟರೆ ರೋಗಾಣು ಅದಕ್ಕೆ ಪಳಗಿ ನಿರೋಧಕ ಕ್ಷಯವಾಗುವ ಅಪಾಯವಿದೆ. ಐದು ವರ್ಷ ದಾಟಿದವರಿಗೆ ಸೋಂಕಿನ ಪರೀಕ್ಷೆಯನ್ನೂ ಮಾಡಬಹುದು. ಹಳೆಯ ಟ್ಯೂಬರ್‌ಕ್ಯುಲಿನ್ ಚುಚ್ಚುಮದ್ದು ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲೂ ಊತ ತೋರಿಸಿ ದಾರಿ ತಪ್ಪಿಸುತ್ತಿತ್ತು. ಪುಣೆಯ ಸೀರಂ ಸಂಸ್ಥೆ ಹೊರತಂದ ಸೈ-ಟಿಬಿ ಪರೀಕ್ಷೆಗೆ ಆ ದೋಷವಿಲ್ಲ: ಮುಂಗೈ ಚರ್ಮದೊಳಗೆ ಚುಚ್ಚಿ, ಎರಡು ಮೂರು ದಿನದ ನಂತರ ಗಡುಸಾದ ಊತ ಐದು ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಸೋಂಕು ಇದೆ ಎಂದರ್ಥ. ಪರೀಕ್ಷೆಯ ಸೌಲಭ್ಯ ಇಲ್ಲ ಎಂಬ ಕಾರಣಕ್ಕೆ ಚಿಕಿತ್ಸೆಯನ್ನು ಮುಂದೂಡಬಾರದು ಎಂದು ಭಾರತದ ಮಾರ್ಗಸೂಚಿ ಹೇಳುತ್ತದೆ. ದೂರದ ತಾಂಡಾದವರ ಮಟ್ಟಿಗೆ ಇದು ದೊಡ್ಡ ಮಾತು.

‘ನಾ ಆರಾಮ ಅದೀನಿ, ನನಗ್ಯಾಕ ಗುಳಿಗಿ?’ ಈ ಪ್ರಶ್ನೆಗೆ ಕಾರ್ಯಕರ್ತೆ ಸಮಾಧಾನದಿಂದ ಉತ್ತರ ಕೊಡಬೇಕಾಗುತ್ತದೆ. ರೋಗವಿಲ್ಲದವನನ್ನು ರೋಗಿಯಂತೆ ಕಾಣುತ್ತಾರೆ, ಓಣಿಯಲ್ಲಿ ಸುದ್ದಿಯಾಗುತ್ತದೆ, ಮಗಳ ಲಗ್ನಕ್ಕೆ ಅಡ್ಡಿಯಾಗುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಅದಕ್ಕಾಗಿ ಮೊದಲ ಗುಳಿಗೆಗೆ ಮುಂಚೆಯೇ ಕೆಲವು ಸಂಗತಿ ಹೇಳಿಬಿಡುವುದು ಒಳ್ಳೆಯದು. ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಅದು ರಿಫಾಪೆಂಟಿನ್‌ನ ಬಣ್ಣ, ರಕ್ತವಲ್ಲ. ಹೊಟ್ಟೆ ತುಂಬ ಉಂಡು ನುಂಗಿದರೆ ಔಷಧ ಚೆನ್ನಾಗಿ ಹತ್ತುತ್ತದೆ. ಕೆಲವರಿಗೆ ಗುಳಿಗೆಯ ದಿನ ಮೈಕೈ ನೋವು, ತಲೆನೋವು, ಸಣ್ಣ ಜ್ವರ ಬಂದು ಹೋಗುತ್ತದೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಊಟ ಸೇರದಾದರೆ ಗುಳಿಗೆ ನಿಲ್ಲಿಸಿ ಅದೇ ದಿನ ದವಾಖಾನೆಗೆ ಬರಬೇಕು. ಕೈಕಾಲು ಜೋಮು ಹಿಡಿಯದಂತೆ ಬಿ6 ಜೀವಸತ್ವದ ಗುಳಿಗೆಯನ್ನೂ ಜೊತೆಗೆ ಕೊಡುತ್ತಾರೆ. ಸೆರೆ ಕುಡಿಯುವವರಲ್ಲಿ ಯಕೃತ್ತಿಗೆ ಅಪಾಯ ಹೆಚ್ಚು. ಆ ಮೂರು ತಿಂಗಳಾದರೂ ಬಿಡಬೇಕು.

ಗರ್ಭಿಣಿಯರಿಗೆ ಮತ್ತು ಎರಡು ವರ್ಷದೊಳಗಿನ ಕೂಸುಗಳಿಗೆ ಹನ್ನೆರಡು ವಾರದ ಕ್ರಮ ಕೊಡುವುದಿಲ್ಲ. ಅವರಿಗೆ ಐಸೋನಯಾಜಿಡ್ ಕ್ರಮವೇ. ರಿಫಾಪೆಂಟಿನ್ ಬೇರೆ ಔಷಧಗಳನ್ನು ದೇಹದಿಂದ ಬೇಗ ಹೊರಗೆ ಹಾಕಿಸುತ್ತದೆ. ಗರ್ಭನಿರೋಧಕ ಗುಳಿಗೆ ನುಂಗುವ ಮಹಿಳೆಗೆ ಆ ಮೂರು ತಿಂಗಳು ಅದು ಫಲಿಸದಿರಬಹುದು. ಬೇರೆ ವಿಧಾನ ಬೇಕು ಎಂದು ಆಕೆಗೆ ಮೊದಲೇ ತಿಳಿಸಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರ ವಿಷಯದಲ್ಲೂ ಇದೇ ಎಚ್ಚರ ಇರಬೇಕು.

ಎಚ್‌ಐವಿ ವಿಷಯ ಈ ಭಾಗದಲ್ಲಿ ಪ್ರತ್ಯೇಕ ಗಮನ ಬೇಡುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಎರಡು ದಶಕದ ಹಿಂದೆ ರಾಜ್ಯದಲ್ಲೇ ಎಚ್‌ಐವಿ ಹೆಚ್ಚಿದ್ದ ಸೀಮೆ. ಅಂದು ಸೋಂಕು ತಗಲಿದ ಅನೇಕರು ಈಗ ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರಗಳ ಗುಳಿಗೆಯ ಬಲದಿಂದ ಬದುಕಿದ್ದಾರೆ, ಮತ್ತು ಅವರನ್ನು ಕೊಲ್ಲುವ ರೋಗಗಳಲ್ಲಿ ಕ್ಷಯವೇ ಮುಂದೆ ಇದೆ. ಈಗ ಎಆರ್‌ಟಿಯಲ್ಲಿ ಬಳಕೆಯಲ್ಲಿರುವ ಡೊಲುಟೆಗ್ರವಿರ್ ಜೊತೆಗೆ ವಾರದ ಕ್ರಮವನ್ನು ಕೊಡಬಹುದೆಂದು ಅಧ್ಯಯನಗಳು ತೋರಿಸಿವೆ. ಇವರು ಹೇಗೂ ಔಷಧಕ್ಕೆಂದು ಕೇಂದ್ರಕ್ಕೆ ಬರುವವರು. ತಡೆ ಚಿಕಿತ್ಸೆಯನ್ನು ಪೂರ್ತಿ ಮುಟ್ಟಿಸಲು ಇದಕ್ಕಿಂತ ಸುಲಭದ ಗುಂಪು ಇನ್ನೊಂದಿಲ್ಲ.

ಕಲ್ಲು ಕೆಲಸದವರ ಪಾಡು ಹಾಗಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಸಿಲಿಕೋಸಿಸ್ ಎಷ್ಟು ವ್ಯಾಪಕವಾಗಿತ್ತು ಎಂಬುದು 1940ರ ದಶಕದ ಸಮೀಕ್ಷೆಯಲ್ಲೇ ಬಯಲಾಗಿತ್ತು. ಮುದ್ದೇಬಿಹಾಳದ ಪಕ್ಕದ ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಂಥ ಕಡೆ ದೂಳು ಕುಡಿಯುವವರು ದಿನಗೂಲಿಗಳು, ಯಾವ ಪಟ್ಟಿಯಲ್ಲೂ ಇಲ್ಲದವರು. ಸಿಲಿಕೋಸಿಸ್ ಇರುವವರಿಗೆ ತಡೆ ಚಿಕಿತ್ಸೆ ಕೊಡಬೇಕೆಂದು ಮಾರ್ಗಸೂಚಿಯಲ್ಲಿದೆ. ಅವರ ಎದೆಯ ಎಕ್ಸ್‌ರೇ ತೆಗೆಯುವವರೇ ಇಲ್ಲದಾಗ ಆ ಸಾಲು ಯಾರನ್ನೂ ಮುಟ್ಟುವುದಿಲ್ಲ.

ಚಿಕಿತ್ಸೆಗೆ ಮಿತಿಗಳೂ ಇವೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಸುಮಾರು 27,000 ಕಾರ್ಮಿಕರನ್ನು ಒಳಗೊಂಡ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐಸೋನಯಾಜಿಡ್ ನುಂಗುತ್ತಿದ್ದಷ್ಟು ಕಾಲ ರೋಗ ತಗ್ಗಿತು. ನಿಲ್ಲಿಸಿದ ಮೇಲೆ ಮತ್ತೆ ಏರಿತು. ಸುತ್ತಲೂ ರೋಗಿಗಳಿದ್ದರೆ ಹೊಸ ಸೋಂಕು ಮತ್ತೆ ತಗಲುತ್ತದೆ, ಹಾಗಾಗಿ ರೋಗಿಗಳ ಪತ್ತೆ ನಿಲ್ಲುವಂತಿಲ್ಲ. ಇನ್ನೊಂದು ಆತಂಕ ಔಷಧ ನಿರೋಧದ್ದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆದ 2014-16ರ ರಾಷ್ಟ್ರೀಯ ಸಮೀಕ್ಷೆ, ಹೊಸ ರೋಗಿಗಳಲ್ಲೇ ಶೇ 11ರಷ್ಟು ಜನರಲ್ಲಿ ಐಸೋನಯಾಜಿಡ್‌ಗೆ ಬಗ್ಗದ ರೋಗಾಣು ಕಂಡಿತು. ಅಂಥ ಕಡೆ ಐಸೋನಯಾಜಿಡ್ ಒಂದನ್ನೇ ಕೊಡುವುದಕ್ಕಿಂತ ಎರಡು ಔಷಧದ ಕ್ರಮ ಮೇಲು ಎಂಬ ವಾದಕ್ಕೆ ಇದರಿಂದ ಬಲ ಬರುತ್ತದೆ. ಸಕ್ರಿಯ ರೋಗ ಇಲ್ಲವೆಂದು ಸರಿಯಾಗಿ ನೋಡಿ ಕೊಟ್ಟಲ್ಲಿ ತಡೆ ಚಿಕಿತ್ಸೆಯಿಂದಾಗಿ ನಿರೋಧ ಹೆಚ್ಚಿತು ಎನ್ನಲು ಈವರೆಗಿನ ಅಧ್ಯಯನಗಳಲ್ಲಿ ಪುರಾವೆ ಸಿಕ್ಕಿಲ್ಲ.

ಗುಳಿಗೆಯ ಜೊತೆ ಊಟದ ಮಾತನ್ನೂ ಆಡಲೇಬೇಕು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಯ 10,345 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಮಂದಿಗೆ ತಿಂಗಳು ತಿಂಗಳು ಅಕ್ಕಿ, ತೊಗರಿಬೇಳೆ ಕೊಡಿಸಿದರು. ಹಾಗೆ ಉಂಡ ಮನೆಗಳಲ್ಲಿ ಹೊಸ ಕ್ಷಯ ಶೇ 39ರಷ್ಟು ಕಡಿಮೆಯಾಯಿತು. ಕಫದಲ್ಲಿ ರೋಗಾಣು ತೋರುವ, ಹರಡಬಲ್ಲ ಕ್ಷಯ ಶೇ 48ರಷ್ಟು. ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇದು ಕರ್ನಾಟಕದ ಕಾಲೇಜೊಂದರಿಂದ ಹೊರಟು ಜಗತ್ತಿನ ಕ್ಷಯ ನೀತಿಯನ್ನೇ ಯೋಚನೆಗೆ ಹಚ್ಚಿದ ಕೆಲಸ. ರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಸಿಗುವ ತಿಂಗಳ ನೆರವು 2024ರ ನವೆಂಬರ್‌ನಿಂದ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ. ದಾನಿಗಳಿಂದ ಆಹಾರದ ಕಿಟ್ ಕೊಡಿಸುವ ನಿಕ್ಷಯ್ ಮಿತ್ರ ಯೋಜನೆಯನ್ನು ಮನೆಯ ಇತರರಿಗೂ ವಿಸ್ತರಿಸುವ ಘೋಷಣೆ 2024ರಲ್ಲೇ ಆಗಿದೆ. ದೇಶಕ್ಕೆ ತೊಗರಿ ಬೆಳೆದು ಕೊಡುವ ವಿಜಯಪುರದಂಥ ಜಿಲ್ಲೆಯಲ್ಲಿ ಕ್ಷಯ ಬಂದ ಮನೆಯ ತಟ್ಟೆಗೆ ಬೇಳೆ ಬೀಳದೆ ಉಳಿಯಬಾರದು.

ಭಾರತದಲ್ಲಿ 2015ರಲ್ಲಿ ಲಕ್ಷಕ್ಕೆ 237 ಇದ್ದ ಹೊಸ ಕ್ಷಯ ಪ್ರಮಾಣ 2024ರ ಹೊತ್ತಿಗೆ 187ಕ್ಕೆ ಇಳಿದಿದೆ. ಇಳಿಕೆ ನಿಜ. ಆದರೂ ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ಭಾರತೀಯರೇ. ಈಗ ಸುಪ್ತವಾಗಿರುವ ಸೋಂಕುಗಳು ಮುಂದೆ ರೋಗವಾಗುತ್ತ ಹೋದರೆ ಎಷ್ಟೇ ರೋಗಿಗಳನ್ನು ಗುಣಪಡಿಸಿದರೂ ಸಾಲು ಮುಗಿಯುವುದಿಲ್ಲ.

ಕ್ಷಯಮುಕ್ತ ಪಂಚಾಯಿತಿ ಎಂಬ ಮನ್ನಣೆಗೆ ಆರಂಭದಲ್ಲಿ ಆರು ಮಾನದಂಡ ಗೊತ್ತುಮಾಡಲಾಯಿತು. ಸಾವಿರ ಜನಕ್ಕೆ ಕನಿಷ್ಠ ಮೂವತ್ತು ಪರೀಕ್ಷೆ ನಡೆದಿರಬೇಕು, ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ರೋಗಿ ಇರಬಾರದು, ಶೇ 85 ರೋಗಿಗಳು ಗುಣವಾಗಿರಬೇಕು, ಹೀಗೆ. ಪೂರೈಸಿದ ಪಂಚಾಯಿತಿಗೆ ಮೊದಲ ವರ್ಷ ಕಂಚಿನ, ಸತತ ಎರಡು ವರ್ಷಕ್ಕೆ ಬೆಳ್ಳಿಯ, ಮೂರು ವರ್ಷಕ್ಕೆ ಚಿನ್ನದ ಬಣ್ಣದ ಗಾಂಧಿ ಪ್ರತಿಮೆ. ಆ ಆರರಲ್ಲಿ ತಡೆ ಚಿಕಿತ್ಸೆ ಇರಲಿಲ್ಲ. ಲೆಕ್ಕಕ್ಕೆ ಬಾರದ ಕೆಲಸ ಸರ್ಕಾರಿ ವ್ಯವಸ್ಥೆಯಲ್ಲಿ ಹಿಂದೆ ಬೀಳುತ್ತದೆ. ಕನ್ನೊಳ್ಳಿಯಂಥ ಊರುಗಳ ಪಂಚಾಯಿತಿಗಳು ಮೇಲಿನಿಂದ ಆದೇಶ ಬರಲೆಂದು ಕಾಯಬೇಕಿಲ್ಲ. ಊರಿನಲ್ಲಿ ಕ್ಷಯ ಪತ್ತೆಯಾದ ಮನೆಗಳು ಎಷ್ಟು, ಆ ಮನೆಗಳಲ್ಲಿ ಎಷ್ಟು ಜನ, ಅವರಲ್ಲಿ ಹನ್ನೆರಡು ವಾರ ಪೂರೈಸಿದವರು ಎಷ್ಟು ಎಂಬ ಮೂರು ಸಂಖ್ಯೆಗಳನ್ನು, ಯಾರ ಹೆಸರೂ ಎತ್ತದೆ, ಗ್ರಾಮಸಭೆಯಲ್ಲಿ ಓದಿಸಲಿ. ಗುಳಿಗೆಯ ದಿನವನ್ನು ಊರ ಸಂತೆಯ ದಿನಕ್ಕೆ ಹೊಂದಿಸಲಿ; ವಾರ ಮರೆತರೂ ಸಂತೆಯನ್ನು ಯಾರೂ ಮರೆಯುವುದಿಲ್ಲ. ಗುಳೆ ಹೊರಟವರ ನಿಕ್ಷಯ್ ಸಂಖ್ಯೆಯನ್ನು ಅವರ ಕೈಯಲ್ಲೇ ಬರೆದುಕೊಡಲಿ, ಹೋದ ಊರಿನ ಸರ್ಕಾರಿ ದವಾಖಾನೆಯಲ್ಲಿ ಉಳಿದ ಗುಳಿಗೆ ಪಡೆಯಲು ಅದು ದಾರಿಯಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಕಳೆದ ಎರಡು ವರ್ಷದಲ್ಲಿ ಕ್ಷಯ ಪತ್ತೆಯಾಗಿದ್ದರೆ, ಉಳಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತಡೆ ಚಿಕಿತ್ಸೆಯ ಬಗ್ಗೆ ಕೇಳಬೇಕು. ಪರೀಕ್ಷೆ ಮತ್ತು ಔಷಧ ಎರಡೂ ಅಲ್ಲಿ ಉಚಿತ.